ಕಾಫಿ ದುಡ್ಡು ಷೇರು ಫಂಡಿಗೆ ಹೋಗುವ ಮುನ್ನ: ಅಪಾಯ ಅಳೆಯುವ ಕ್ರಮ

ಕಣದಲ್ಲಿ ಒಣಗಿದ ಕಾಫಿ ಚೀಲ ಸೇರಿ, ಚೀಲ ವ್ಯಾಪಾರಿಯ ಗೋದಾಮು ಸೇರಿ, ದುಡ್ಡು ಖಾತೆಗೆ ಬಿತ್ತೆಂದರೆ ನನಗೆ ಫೋನ್ ಶುರು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬ್ಯಾಂಕಿನವರು ಮ್ಯೂಚುವಲ್ ಫಂಡಿಗೆ ಹಾಕಿ ಅಂತಿದ್ದಾರೆ. ದುಡ್ಡು ಮುಳುಗುತ್ತಾ?" ನಮ್ಮ ಕೊಡಗಿನಲ್ಲಿ ಗೋಣಿಕೊಪ್ಪದವರೂ ಇದನ್ನೇ ಕೇಳುತ್ತಾರೆ, ಸುಂಟಿಕೊಪ್ಪದವರೂ ಇದನ್ನೇ. ಐದಾರು ವರ್ಷದ ಹಿಂದೆ ಇಷ್ಟು ಜನ ಕೇಳುತ್ತಿರಲಿಲ್ಲ. ಆಗ 50 ಕೆ.ಜಿ. ರೊಬಸ್ಟಾ ಚೆರಿ ಚೀಲಕ್ಕೆ 3,500ರಿಂದ 4,000 ರೂಪಾಯಿ. ಗೊಬ್ಬರದ ಅಂಗಡಿಯ ಬಾಕಿ ತೀರಿದರೆ ಅದೇ ದೊಡ್ಡದು. ಅದೇ ಚೀಲ 10,000 ದಾಟಿದ ಮೇಲೆ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ಉಳಿದ ಕಾಸಿನ ಸುತ್ತ ಸಲಹೆಗಾರರೂ ಹುಟ್ಟಿಕೊಂಡರು.

ಯಾವ ಫಂಡ್ ಒಳ್ಳೆಯದು ಎಂದು ನಾನು ಇಲ್ಲಿ ಹೇಳುವುದಿಲ್ಲ. ಷೇರು ಫಂಡಿನಲ್ಲಿ, ಅಂದರೆ ಕಾಗದಪತ್ರಗಳಲ್ಲಿ ಈಕ್ವಿಟಿ ಫಂಡ್ ಎಂದು ಕರೆಯುವುದರಲ್ಲಿ, ನಿಮ್ಮ ದುಡ್ಡಿಗೆ ಏನೇನು ಆಗಬಹುದು, ಅದರಲ್ಲಿ ಎಷ್ಟನ್ನು ನಿಮ್ಮ ಮನೆ ತಡೆದುಕೊಳ್ಳಬಲ್ಲದು ಎಂದು ನೀವೇ ಲೆಕ್ಕ ಹಾಕುವ ಕ್ರಮವನ್ನಷ್ಟೇ ಹೇಳುತ್ತೇನೆ. ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ತೋಟದ ಕಳೆದ ಎರಡು ವರ್ಷದ ಖರ್ಚಿನ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಪ್ಯಾನ್, ಆಧಾರ್, ಬ್ಯಾಂಕಿನವರು ಕೊಟ್ಟ ಫಂಡಿನ ಕಾಗದ ಎದುರಿಗಿರಲಿ. ಖರ್ಚಿನ ಪುಸ್ತಕ ಇಟ್ಟಿಲ್ಲವೇ? ಹಾಗಾದರೆ ಈ ವರ್ಷ ಫಂಡಿಗೆ ಹಾಕಬೇಡಿ, ಪುಸ್ತಕ ಶುರುಮಾಡಿ. ತಮಾಷೆಗೆ ಹೇಳುತ್ತಿಲ್ಲ.

1. ಯಾವ ದುಡ್ಡು ಎಂದು ಮೊದಲು ಬೇರ್ಪಡಿಸಿ

ಮ್ಯೂಚುವಲ್ ಫಂಡ್ ಬಗ್ಗೆ ಬರುವ ಸಲಹೆಗಳಲ್ಲಿ ಹೆಚ್ಚಿನವು ತಿಂಗಳ ಸಂಬಳದವರಿಗಾಗಿ ಬರೆದವು. ನಮ್ಮ ಕಡೆ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಖರ್ಚು ಹನ್ನೆರಡು ತಿಂಗಳೂ ಇರುತ್ತದೆ. ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಡೀಸೆಲ್, ಆಮೇಲೆ ಗೊಬ್ಬರ, ಮಳೆ ಹಿಡಿಯುವ ಮುನ್ನ ಬೋರ್ಡೋ ಸಿಂಪಡಣೆ, ಮರಗಸಿ (ನೆರಳಿನ ಮರ ಸವರುವುದು), ಕಂಬಚಿಗುರು ತೆಗೆಯುವುದು, ಕಳೆ, ಮಳೆ ಬಿಟ್ಟ ಮೇಲೆ ಮತ್ತೆ ಗೊಬ್ಬರ, ಕೊನೆಗೆ ಕುಯ್ಲಿನ ಕೂಲಿ. ಕೂಲಿಯನ್ನು ವಾರವಾರ ಕೊಡಲೇಬೇಕು. ಸೆನ್ಸೆಕ್ಸ್ ಬಿದ್ದಿದೆ, ಮುಂದಿನ ತಿಂಗಳು ಕೊಡುತ್ತೇನೆ ಎಂದರೆ ಕೆಲಸದವರ ಲೈನ್‌ಮನೆಯಲ್ಲಿ ಯಾರೂ ಉಳಿಯುವುದಿಲ್ಲ.

ಹಾಗಾಗಿ ಎರಡು ವರ್ಷದ ತೋಟದ ಖರ್ಚು ಮತ್ತು ಒಂದು ವರ್ಷದ ಮನೆ ಖರ್ಚನ್ನು ಮೊದಲು ಪಕ್ಕಕ್ಕಿಡಿ. ಎರಡು ವರ್ಷ ಯಾಕೆಂದರೆ, ಒಂದು ಬೆಳೆ ಹಾಳಾದರೆ ಮುಂದಿನ ಬೆಳೆಯವರೆಗೆ ತೋಟವನ್ನು ಸಾಕಬೇಕಲ್ಲ. 2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದರ ಮೇಲೆ, ಮುಂದಿನ ಐದು ವರ್ಷದಲ್ಲಿ ಖಚಿತವಾಗಿ ಬೇಕಾಗುವ ಮಕ್ಕಳ ಫೀಸು, ಮದುವೆ, ಮನೆ ರಿಪೇರಿ ಇವನ್ನೂ ಕಳೆಯಿರಿ.

ಒಂದು ಮನೆಯ ಲೆಕ್ಕ ಹೀಗಿದೆ ಎಂದುಕೊಳ್ಳಿ. ಕಾಫಿ, ಮೆಣಸು ಸೇರಿ ಬಂದದ್ದು 18 ಲಕ್ಷ. ತೋಟಕ್ಕೆ ವರ್ಷಕ್ಕೆ 5 ಲಕ್ಷ, ಎರಡು ವರ್ಷಕ್ಕೆ 10. ಮನೆಗೆ 4. ಮಗಳ ಕಾಲೇಜಿಗೆ 2. ಒಟ್ಟು 16 ಆಯಿತು. ಬ್ಯಾಂಕಿನ ಮೇಜಿನ ಮೇಲೆ ಕಂಡದ್ದು ಹದಿನೆಂಟು. ಷೇರಿನ ಅಪಾಯಕ್ಕೆ ಒಡ್ಡಬಹುದಾದದ್ದು ಎರಡು. ಸಲಹೆ ಕೊಡುವವರು 10 ಲಕ್ಷದಿಂದ ಮಾತು ಶುರುಮಾಡುತ್ತಾರೆ, ಏಕೆಂದರೆ ಅವರಿಗೆ ನಿಮ್ಮ ಗೊಬ್ಬರದ ಬಿಲ್ಲು ಕಾಣುವುದಿಲ್ಲ.

ಇಷ್ಟು ಬಿಗಿ ಯಾಕೆ? 2020ರ ಮಾರ್ಚ್ ನೆನಪಿಸಿಕೊಳ್ಳಿ. ಜನವರಿಯಲ್ಲಿ 42,000 ಮುಟ್ಟಿದ್ದ ಸೆನ್ಸೆಕ್ಸ್, ಅಂದರೆ ದೊಡ್ಡ ಕಂಪನಿಗಳ ಷೇರು ಬೆಲೆಯ ಸೂಚ್ಯಂಕ, ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಮುಗಿಯಿತು. ಆ ಒಂದೇ ದಿನ ಇಳಿದದ್ದು ಸುಮಾರು ಶೇ 13. ಎರಡು ದಿನ ಬಿಟ್ಟು ದೇಶಕ್ಕೇ ಲಾಕ್‌ಡೌನ್. ರೊಬಸ್ಟಾ ಕುಯ್ದು ಕಣದಲ್ಲಿದ್ದವರಿಗೆ ಮಾರಲು ವ್ಯಾಪಾರಿ ಇಲ್ಲ, ಕೂಲಿಗೆ ನಗದು ಬೇಕು. ಆ ವಾರ ಫಂಡ್ ಮಾರಿದವರು ಹೆಚ್ಚುಕಡಿಮೆ ಶೇ 40 ಕಳೆದುಕೊಂಡು ಹೊರಬಂದರು. ಮಾರುವ ಅಗತ್ಯ ಬೀಳದವರು ಸುಮ್ಮನಿದ್ದರು. ಅದೇ ನವೆಂಬರ್‌ನಲ್ಲಿ ಸೆನ್ಸೆಕ್ಸ್ ಮತ್ತೆ 42,000 ದಾಟಿತ್ತು. ಫಂಡ್ ಒಂದೇ, ಇಳಿತವೂ ಒಂದೇ. ಒಬ್ಬರಿಗೆ ಅದು ನಷ್ಟವಾಗಿದ್ದು ಆ ವಾರ ದುಡ್ಡು ಬೇಕಾಗಿತ್ತು ಎನ್ನುವ ಒಂದೇ ಕಾರಣಕ್ಕೆ. ತೋಟದ ಮನೆಗೆ ಷೇರು ಫಂಡಿನ ದೊಡ್ಡ ಅಪಾಯ ಇದು: ಬೇಡದ ಹೊತ್ತಿನಲ್ಲಿ ಮಾರಲೇಬೇಕಾಗುವುದು. ಮುಂದಿನ ಹಂತಗಳೆಲ್ಲ ಇದನ್ನು ತಪ್ಪಿಸುವುದಕ್ಕೇ ಇವೆ.

ಇಲ್ಲಿ ಜನ ಎಡವುವ ಜಾಗ ಸೊಸೈಟಿ ಸಾಲ. ಬಡ್ಡಿ ಇಲ್ಲದ ಬೆಳೆ ಸಾಲ ಸಿಗುತ್ತದೆ, ಅದನ್ನು ಫಂಡಿಗೆ ಹಾಕಿದರೆ ಬಂದದ್ದೆಲ್ಲ ಲಾಭ ಎನ್ನುವ ಲೆಕ್ಕವನ್ನು ಬುದ್ಧಿವಂತರ ಬಾಯಲ್ಲೇ ಕೇಳಿದ್ದೇನೆ. ಆ ಸಾಲಕ್ಕೆ ಕಟ್ಟುವ ದಿನ ಇದೆ, ಷೇರು ಏರುವುದಕ್ಕೆ ದಿನ ಇಲ್ಲ. ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ. ಇಳಿದ ಫಂಡ್ ಮಾರಿ ಸಾಲ ಕಟ್ಟಿದರೆ ಅಸಲೂ ಹೋಗುತ್ತದೆ.

ಸೇನೆಯಿಂದ ನಿವೃತ್ತರಾಗಿ ಬಂದವರ ಲೆಕ್ಕ ಸ್ವಲ್ಪ ಬೇರೆ. ಪಿಂಚಣಿ ತಿಂಗಳು ತಿಂಗಳು ಬರುವುದರಿಂದ ಇಳಿತ ತಡೆದುಕೊಳ್ಳುವ ಶಕ್ತಿ ತೋಟವನ್ನಷ್ಟೇ ನಂಬಿದವರಿಗಿಂತ ಹೆಚ್ಚು. ಆದರೆ ಗ್ರ್ಯಾಚುಟಿ, ಪಿಎಫ್ ಒಟ್ಟಿಗೆ ಬಂದು, ಅದರಲ್ಲೇ ಮನೆ ಕಟ್ಟುವ ಯೋಚನೆ ಇದ್ದರೆ ಆ ದುಡ್ಡು ಷೇರಿನ ಹತ್ತಿರ ಸುಳಿಯಬಾರದು.

2. ಕೊಳ್ಳುತ್ತಿರುವುದು ಏನು ಎಂದು ತಿಳಿದುಕೊಳ್ಳಿ

ಮ್ಯೂಚುವಲ್ ಫಂಡ್ ಎಂದರೆ ಸಾವಿರಾರು ಜನರ ದುಡ್ಡನ್ನು ಒಟ್ಟುಮಾಡಿ, ಅದರಿಂದ ನಲವತ್ತೋ ಎಂಬತ್ತೋ ಕಂಪನಿಗಳ ಷೇರು ಕೊಳ್ಳುವ ವ್ಯವಸ್ಥೆ. ನಿಮ್ಮ ಪಾಲನ್ನು ಯುನಿಟ್ ಎಂಬ ತುಂಡುಗಳಲ್ಲಿ ಲೆಕ್ಕ ಇಡುತ್ತಾರೆ. ಒಂದು ಯುನಿಟ್‌ನ ಆ ದಿನದ ಬೆಲೆಯೇ ಎನ್‌ಎವಿ. ಷೇರುಗಳ ಬೆಲೆ ಇಳಿದರೆ ಎನ್‌ಎವಿ ಇಳಿಯುತ್ತದೆ, ಯುನಿಟ್‌ಗಳ ಸಂಖ್ಯೆ ಹಾಗೇ ಇರುತ್ತದೆ.

ಬ್ಯಾಂಕಿನಲ್ಲಿ ಕೊಟ್ಟರು ಎಂದಮಾತ್ರಕ್ಕೆ ಇದು ಎಫ್‌ಡಿ ಆಗುವುದಿಲ್ಲ. ಬ್ಯಾಂಕ್ ಇಲ್ಲಿ ಬರೀ ಮಾರಾಟಗಾರ. ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಫಂಡಿಗೆ ಅಂಥದ್ದು ಇಲ್ಲ. ಹಾಗೆಂದು ಫಂಡ್ ಕಂಪನಿ ಬಾಗಿಲು ಹಾಕಿ ಓಡಿಹೋಗುತ್ತದೆ ಎಂಬ ಹೆದರಿಕೆಯೂ ಬೇಡ. ಷೇರುಗಳು ಟ್ರಸ್ಟ್ ಹೆಸರಿನಲ್ಲಿ, ಕಸ್ಟೋಡಿಯನ್ ಎಂಬ ಬೇರೆಯೇ ಸಂಸ್ಥೆಯ ಕೈಯಲ್ಲಿರುತ್ತವೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಇದನ್ನೆಲ್ಲ ನೋಡಿಕೊಳ್ಳುತ್ತದೆ. ನಿಯಂತ್ರಕ ಇದ್ದಾನೆ ಎಂದರೆ ಕಳ್ಳತನಕ್ಕೆ ಅಡ್ಡಿ ಇದೆ ಎಂದರ್ಥ, ಬೆಲೆ ಇಳಿಯುವುದಿಲ್ಲ ಎಂದಲ್ಲ.

"ಹೊಸ ಫಂಡ್, ಯುನಿಟ್‌ಗೆ ಹತ್ತೇ ರೂಪಾಯಿ, ಈಗಲೇ ತಗೊಳ್ಳಿ" ಎನ್ನುವ ಮಾತು ಕೇಳಿದರೆ ಎದ್ದುಬನ್ನಿ. ಎನ್‌ಎವಿ 10 ಇದ್ದರೂ 500 ಇದ್ದರೂ ಒಳಗಿರುವ ಷೇರು ಶೇ 20 ಇಳಿದರೆ ನಿಮ್ಮ 1 ಲಕ್ಷ 80,000 ಆಗುತ್ತದೆ. ಹತ್ತು ರೂಪಾಯಿ ಎನ್ನುವುದು ಅಗ್ಗದ ಗುರುತಲ್ಲ. ಹಳೆಯ ಲೆಕ್ಕ ಇಲ್ಲದ ಫಂಡ್ ಎಂಬುದರ ಗುರುತು.

3. ಫಂಡಿನ ವರ್ಗ ನೋಡಿ

ಷೇರು ಫಂಡುಗಳನ್ನು ವರ್ಗ ಮಾಡಿ ಸೆಬಿ 2017ರಲ್ಲಿ ನಿಯಮ ತಂದಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಲ್ಲಿ ಕನಿಷ್ಠ ಶೇ 80 ಹಾಕಬೇಕಾದದ್ದು ಲಾರ್ಜ್ ಕ್ಯಾಪ್. 101ರಿಂದ 250ನೇ ಸ್ಥಾನದವರೆಗಿನ ಕಂಪನಿಗಳಲ್ಲಿ ಕನಿಷ್ಠ ಶೇ 65 ಹಾಕುವುದು ಮಿಡ್ ಕ್ಯಾಪ್. 251ರಿಂದ ಕೆಳಗಿನ ಸಣ್ಣ ಕಂಪನಿಗಳಲ್ಲಿ ಅಷ್ಟೇ ಪಾಲು ಹಾಕುವುದು ಸ್ಮಾಲ್ ಕ್ಯಾಪ್. ಮ್ಯಾನೇಜರ್ ತನ್ನ ಇಷ್ಟದಂತೆ ಎಲ್ಲ ಗಾತ್ರದಲ್ಲೂ ಓಡಾಡಬಹುದಾದದ್ದು ಫ್ಲೆಕ್ಸಿ ಕ್ಯಾಪ್. ಒಂದೇ ಉದ್ಯಮ ಅಥವಾ ಒಂದೇ ವಿಷಯಕ್ಕೆ ಅಂಟಿಕೊಂಡದ್ದು ಸೆಕ್ಟರ್ ಅಥವಾ ಥೀಮ್ ಫಂಡ್.

ಪ್ರತಿ ಫಂಡಿನ ಕಾಗದದ ಮೇಲೆ ಅರ್ಧ ಚಂದ್ರದಂತೆ ಒಂದು ಚಿತ್ರ ಇರುತ್ತದೆ, ಬೈಕಿನ ಸ್ಪೀಡೋಮೀಟರ್ ಥರ. ಅದೇ ರಿಸ್ಕೋಮೀಟರ್. "ಕಡಿಮೆ"ಯಿಂದ "ಅತಿ ಹೆಚ್ಚು"ವರೆಗೆ ಆರು ಮಟ್ಟ. ಇದನ್ನು ನೋಡಿ ಎಂದು ಎಲ್ಲರೂ ಹೇಳುತ್ತಾರೆ, ನೋಡಬೇಕು ಕೂಡ. ಆದರೆ ಷೇರು ಫಂಡುಗಳ ಮಟ್ಟಿಗೆ ಅದರ ಉಪಯೋಗ ಅಷ್ಟಕ್ಕಷ್ಟೆ. ಲಾರ್ಜ್ ಕ್ಯಾಪ್ ತೆಗೆದರೂ ಸ್ಮಾಲ್ ಕ್ಯಾಪ್ ತೆಗೆದರೂ ಮುಳ್ಳು ಸಾಮಾನ್ಯವಾಗಿ "ಅತಿ ಹೆಚ್ಚು" ಎನ್ನುವಲ್ಲೇ ನಿಂತಿರುತ್ತದೆ. ಎರಡರ ನಡುವಿನ ಅಂತರ ಆ ಮುಳ್ಳಿನಲ್ಲಿ ಕಾಣುವುದಿಲ್ಲ.

ಅಂತರ ಕಾಣಬೇಕಾದರೆ ಇನ್ನೊಂದು ಕಾಗದ ನೋಡಿ. 2024ರ ಮಾರ್ಚ್‌ನಿಂದ ಮಿಡ್ ಕ್ಯಾಪ್ ಮತ್ತು ಸ್ಮಾಲ್ ಕ್ಯಾಪ್ ಫಂಡುಗಳು ಸ್ಟ್ರೆಸ್ ಟೆಸ್ಟ್ ಎಂಬ ಲೆಕ್ಕವನ್ನು ತಿಂಗಳು ತಿಂಗಳು ಪ್ರಕಟಿಸುತ್ತಿವೆ. ಹೂಡಿಕೆದಾರರು ಒಟ್ಟಿಗೆ ದುಡ್ಡು ವಾಪಸ್ ಕೇಳಿದರೆ, ಫಂಡಿನ ಕಾಲು ಭಾಗ ಮತ್ತು ಅರ್ಧ ಭಾಗ ಷೇರು ಮಾರಲು ಎಷ್ಟು ದಿನ ಬೇಕು ಎಂಬ ಲೆಕ್ಕ ಅದು. ಮೆಣಸು ಮಾರಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹತ್ತು ಚೀಲವನ್ನು ಇವತ್ತಿನ ರೇಟಿಗೆ ಇವತ್ತೇ ಮಾರಬಹುದು. ಸಾವಿರ ಚೀಲ ತಂದು ಒಂದೇ ಬೆಳಿಗ್ಗೆ ಸುರಿದರೆ ರೇಟೇ ಮುರಿಯುತ್ತದೆ. ಸಣ್ಣ ಕಂಪನಿಗಳ ಷೇರಿಗೆ ಕೊಳ್ಳುವವರು ಕಡಿಮೆ. ಎಲ್ಲರೂ ಮಾರಲು ಹೊರಟ ದಿನ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕಾಲು ಭಾಗ ಮಾರಲು ಒಂದು ಫಂಡಿಗೆ ಮೂರು ದಿನ, ಇನ್ನೊಂದಕ್ಕೆ ಮೂವತ್ತು ದಿನ ಎಂದಿದ್ದರೆ ಎರಡನೆಯದರಲ್ಲಿ ಇಳಿತದ ಹೊಡೆತ ಜೋರಾಗಿರುತ್ತದೆ ಎಂದು ತಿಳಿಯಿರಿ. ಫಂಡ್ ಸಂಸ್ಥೆಯ ಜಾಲತಾಣದಲ್ಲೂ, ಫಂಡ್ ಸಂಸ್ಥೆಗಳ ಒಕ್ಕೂಟವಾದ ಆಂಫಿಯ ತಾಣದಲ್ಲೂ ಇದು ಸಿಗುತ್ತದೆ.

ಥೀಮ್ ಫಂಡ್ ಬಗ್ಗೆ ನನ್ನದೇ ಅನುಭವ ಎರಡು ಸಾಲಿನಲ್ಲಿ. 2008ರ ಜನವರಿಯಲ್ಲಿ ರಸ್ತೆ, ಸೇತುವೆ, ವಿದ್ಯುತ್ ಎಂದು ದೇಶವೆಲ್ಲ ಮಾತಾಡುತ್ತಿದ್ದಾಗ ಮೂಲಸೌಕರ್ಯದ ಒಂದು ಹೊಸ ಫಂಡಿಗೆ 25,000 ಹಾಕಿದೆ. 2013ರಲ್ಲಿ ಬೇಸತ್ತು ಮಾರಿದಾಗ ಕೈಗೆ ಬಂದದ್ದು 15,000 ಚಿಲ್ಲರೆ. ಒಂದು ವಿಷಯ ಪೇಪರಿನ ಮುಖಪುಟಕ್ಕೆ ಬಂದ ಮೇಲೆಯೇ ಅದರ ಹೆಸರಿನ ಫಂಡ್ ಹುಟ್ಟುವುದು. ಅಷ್ಟರಲ್ಲಿ ಆ ಷೇರುಗಳ ಬೆಲೆ ಏರಿಯಾಗಿರುತ್ತದೆ. ಮೊದಲ ಸಲ ಹಾಕುವವರು ಥೀಮ್ ಫಂಡಿನಿಂದ ದೂರ ಇರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

4. ಇಳಿತವನ್ನು ರೂಪಾಯಿಯಲ್ಲಿ ಬರೆದು ನೋಡಿ

ಶೇಕಡಾ ಲೆಕ್ಕ ಯಾರನ್ನೂ ಹೆದರಿಸುವುದಿಲ್ಲ. ರೂಪಾಯಿ ಹೆದರಿಸುತ್ತದೆ. ಆದ್ದರಿಂದ ಮೊದಲ ಹಂತದಲ್ಲಿ ಉಳಿದ ಮೊತ್ತವನ್ನು ಕಾಗದದ ಮೇಲೆ ಬರೆದು, ಅದರ ಕೆಳಗೆ ಎರಡು ಸಂಖ್ಯೆ ಬರೆಯಿರಿ: ಶೇ 40 ಇಳಿದರೆ ಉಳಿಯುವುದು, ಶೇ 60 ಇಳಿದರೆ ಉಳಿಯುವುದು. ಇವು ನಾನು ಕಲ್ಪಿಸಿದ ಸಂಖ್ಯೆಗಳಲ್ಲ. ಮೊದಲನೆಯದು 2020ರಲ್ಲಿ ಹೆಚ್ಚುಕಡಿಮೆ ಆದದ್ದು. ಎರಡನೆಯದು 2008ರದು: ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಕೊನೆಗೆ ಒಂದು ಹಂತದಲ್ಲಿ 8,000ಕ್ಕಿಂತ ಕೆಳಗೆ ಬಂದಿತ್ತು. ಅದೂ ದೊಡ್ಡ ಕಂಪನಿಗಳ ಸೂಚ್ಯಂಕ.

2 ಲಕ್ಷ ಇದ್ದರೆ 1.2 ಲಕ್ಷ, ಅಥವಾ 80,000. ಹೆಂಡತಿಗೋ ಗಂಡನಿಗೋ ಆ ಕಾಗದ ತೋರಿಸಿ. "ಇಷ್ಟಾದರೂ ಮೂರು ವರ್ಷ ಮುಟ್ಟದೆ ಇರುತ್ತೇವಾ?" ಎಂದು ಕೇಳಿ. ಉತ್ತರ ತಡವಾಗಿ ಬಂದರೆ ಮೊತ್ತ ಕಡಿಮೆ ಮಾಡಿ.

ಇಳಿದದ್ದು ಮೇಲೆ ಬರುವ ಲೆಕ್ಕವೂ ಸರಳವಲ್ಲ. ಶೇ 40 ಕಳೆದುಕೊಂಡದ್ದನ್ನು ಶೇ 40 ಏರಿಕೆ ತುಂಬುವುದಿಲ್ಲ. 1.2 ಲಕ್ಷ ಮತ್ತೆ 2 ಲಕ್ಷ ಆಗಲು ಸುಮಾರು ಶೇ 67 ಏರಬೇಕು. ವರ್ಷಕ್ಕೆ ಶೇ 12ರಂತೆ ಏರಿದರೂ ನಾಲ್ಕೂವರೆ ವರ್ಷ. 80,000 ಮತ್ತೆ 2 ಲಕ್ಷ ಆಗಬೇಕಾದರೆ ಶೇ 150. 2008ರಲ್ಲಿ ಕಳೆದುಕೊಂಡ 21,000 ಸೆನ್ಸೆಕ್ಸ್‌ಗೆ ಮತ್ತೆ ಕಂಡದ್ದು 2010ರ ನವೆಂಬರ್‌ನಲ್ಲಿ. ಅಲ್ಲೂ ನಿಲ್ಲದೆ ಜಾರಿ, ಆ ಮಟ್ಟ ಗಟ್ಟಿಯಾಗಿ ದಾಟಲು 2013ರ ಕೊನೆ ಬಂತು. 2020ರಂತೆ ಎಂಟು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಯಾರೂ ಕೂರಬೇಡಿ.

ಇಲ್ಲಿ ಜಾಹೀರಾತಿನ ಒಂದು ಕೈಚಳಕವನ್ನೂ ನೋಡಿಬಿಡಿ. ದೊಡ್ಡ 50 ಕಂಪನಿಗಳ ಸೂಚ್ಯಂಕವಾದ ನಿಫ್ಟಿ 2019ರ ಮಾರ್ಚ್ ಕೊನೆಗೆ 11,624 ಇತ್ತು. 2020ರ ಮಾರ್ಚ್ ಕೊನೆಗೆ 8,598. 2021ರ ಮಾರ್ಚ್ ಕೊನೆಗೆ 14,691. ಕೊನೆಯ ಒಂದು ವರ್ಷ ಮಾತ್ರ ತೋರಿಸಿದರೆ ಲಾಭ ಶೇ 71! ಎರಡು ವರ್ಷ ಸೇರಿಸಿ ನೋಡಿದರೆ ವರ್ಷಕ್ಕೆ ಶೇ 12 ಚಿಲ್ಲರೆ. ಸುಳ್ಳು ಯಾವುದೂ ಅಲ್ಲ, ಗುಂಡಿಯ ತಳದಿಂದ ಅಳೆದರೆ ಗುಡ್ಡ ಎತ್ತರ ಕಾಣುತ್ತದೆ, ಅಷ್ಟೆ. ಅದಕ್ಕೇ ರೋಲಿಂಗ್ ರಿಟರ್ನ್ ಕೇಳಿ. ಯಾವುದೇ ದಿನ ಹಾಕಿ ಐದು ವರ್ಷ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಸಾವಿರಾರು ದಿನಗಳಿಗೆ ಲೆಕ್ಕ ಹಾಕಿದ್ದೇ ರೋಲಿಂಗ್ ರಿಟರ್ನ್. ಅದರಲ್ಲಿ ಸರಾಸರಿ ನೋಡುವ ಮುನ್ನ ಅತಿ ಕೆಟ್ಟ ಐದು ವರ್ಷ ಯಾವುದು ಎನ್ನುವುದನ್ನು ಓದಿ.

ಕಾಫಿ, ಮೆಣಸಿನ ಏರಿಳಿತ ಕಂಡವರು ನಾವು, ಇದೆಲ್ಲ ಯಾವ ಲೆಕ್ಕ ಎನ್ನುವವರಿದ್ದಾರೆ. ನಿಜ, ಮೆಣಸು ಕಿಲೋಗೆ 700ರ ಆಸುಪಾಸು ಹೋಗಿ, ಮೂರು ನಾಲ್ಕು ವರ್ಷದಲ್ಲಿ ಅರ್ಧಕ್ಕೆ ಇಳಿದದ್ದನ್ನು ನಾವು ಸಹಿಸಿದ್ದೇವೆ. ಆದರೆ ಮೆಣಸಿನ ಚೀಲ ಅಟ್ಟದ ಮೇಲಿರುತ್ತದೆ, ಅದರ ಬೆಲೆ ಗಂಟೆಗೊಮ್ಮೆ ಮೊಬೈಲಿನಲ್ಲಿ ಕೆಂಪಗೆ ಹೊಳೆಯುವುದಿಲ್ಲ. ಮೆಣಸನ್ನು ಐದು ವರ್ಷ ಹಿಡಿದಿಟ್ಟವರೇ ಫಂಡನ್ನು ಐದು ವಾರದಲ್ಲಿ ಮಾರಿದ್ದನ್ನು ನೋಡಿದ್ದೇನೆ.

5. ಒಟ್ಟಿಗೆ ಹಾಕಬೇಡಿ, ಎಸ್‌ಐಪಿಯನ್ನು ರಕ್ಷಾಕವಚ ಎಂದೂ ತಿಳಿಯಬೇಡಿ

ಎಸ್‌ಐಪಿ ಎಂದರೆ ತಿಂಗಳು ತಿಂಗಳು ಇಷ್ಟೆಂದು ಖಾತೆಯಿಂದ ತಾನೇ ಕಡಿತವಾಗುವ ಕಂತು. ಬೆಲೆ ಇಳಿದಾಗ ಹೆಚ್ಚು ಯುನಿಟ್, ಏರಿದಾಗ ಕಡಿಮೆ ಯುನಿಟ್ ಸಿಗುವುದರಿಂದ, ಎಲ್ಲವನ್ನೂ ತುದಿಯಲ್ಲಿ ಕೊಂಡುಬಿಡುವ ಅಪಾಯ ಕಡಿಮೆ. ಅಷ್ಟು ಮಾತ್ರ. ಹತ್ತು ವರ್ಷ ಕಟ್ಟಿದ ಎಸ್‌ಐಪಿಯೂ ಮಾರುಕಟ್ಟೆ ಶೇ 40 ಬಿದ್ದ ದಿನ ಶೇ 40ರಷ್ಟೇ ಬೀಳುತ್ತದೆ.

ನಮ್ಮ ತೊಂದರೆ ಬೇರೆ. ಫೆಬ್ರವರಿಯಲ್ಲಿ ಖಾತೆ ತುಂಬಿರುವಾಗ ತಿಂಗಳಿಗೆ 20,000ದ ಎಸ್‌ಐಪಿಗೆ ಸಹಿ ಹಾಕುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ, ಕೈಲ್‌ಪೊಳ್ದ್ ಹಬ್ಬ ಮುಗಿಯುವಾಗ, ಖಾತೆಯಲ್ಲಿ ದುಡ್ಡಿರುವುದಿಲ್ಲ. ಕಂತು ವಾಪಸಾದರೆ ಬ್ಯಾಂಕ್ ದಂಡ ಹಾಕುತ್ತದೆ. ಸತತ ಮೂರು ಕಂತು ತಪ್ಪಿದರೆ ಎಸ್‌ಐಪಿ ಸಾಮಾನ್ಯವಾಗಿ ತಾನೇ ರದ್ದಾಗುತ್ತದೆ.

ವರ್ಷಕ್ಕೊಮ್ಮೆ ದುಡ್ಡು ಕಾಣುವವರಿಗೆ ಹೊಂದುವುದು ಎಸ್‌ಟಿಪಿ. ಮೊದಲು ಇಡೀ ಮೊತ್ತವನ್ನು ಲಿಕ್ವಿಡ್ ಫಂಡಿಗೆ ಹಾಕುತ್ತೀರಿ. ಅದು ಕೆಲವೇ ವಾರಗಳ ಅವಧಿಯ ಸಾಲಪತ್ರಗಳಲ್ಲಿ ದುಡ್ಡಿಡುವ, ಏರಿಳಿತ ಬಹಳ ಕಡಿಮೆ ಇರುವ ಫಂಡ್. ಅಲ್ಲಿಂದ ಅದೇ ಸಂಸ್ಥೆಯ ಷೇರು ಫಂಡಿಗೆ ತಿಂಗಳಿಗಿಷ್ಟು ಎಂದು ವರ್ಗವಾಗುತ್ತದೆ. ನಮ್ಮ ಉದಾಹರಣೆಯ 2 ಲಕ್ಷವನ್ನು 20 ತಿಂಗಳಿಗೆ ಹತ್ತು ಹತ್ತು ಸಾವಿರ ಮಾಡಬಹುದು. ನಡುವೆ ಬೆಳೆ ಕೈಕೊಟ್ಟರೆ ಎಸ್‌ಟಿಪಿ ನಿಲ್ಲಿಸಿ. ಲಿಕ್ವಿಡ್ ಫಂಡಿನಲ್ಲಿ ಉಳಿದದ್ದು ಸಾಮಾನ್ಯವಾಗಿ ಮರುದಿನವೇ ಸಿಗುತ್ತದೆ, ಷೇರಿನ ಭಾಗವನ್ನು ಮುಟ್ಟಬೇಕಾಗಿಲ್ಲ. ಪ್ರತಿ ವರ್ಗಾವಣೆಯೂ ತೆರಿಗೆಯ ಲೆಕ್ಕದಲ್ಲಿ ಲಿಕ್ವಿಡ್ ಫಂಡಿನ ಮಾರಾಟವೇ ಎಂಬುದು ಗಮನದಲ್ಲಿರಲಿ.

6. ಖರ್ಚು, ತೆರಿಗೆ

ಒಂದೇ ಫಂಡಿಗೆ ಎರಡು ಬಾಗಿಲು: ರೆಗ್ಯುಲರ್ ಮತ್ತು ಡೈರೆಕ್ಟ್. ರೆಗ್ಯುಲರ್‌ನಲ್ಲಿ ಮಾರಿದವರ ಕಮಿಷನ್ ಸೇರಿರುತ್ತದೆ, 2013ರಿಂದ ಇರುವ ಡೈರೆಕ್ಟ್‌ನಲ್ಲಿ ಇರುವುದಿಲ್ಲ. ವ್ಯತ್ಯಾಸ ವರ್ಷಕ್ಕೆ ಶೇ 1 ಎಂದಿಟ್ಟುಕೊಂಡರೆ 5 ಲಕ್ಷಕ್ಕೆ 5,000 ರೂಪಾಯಿ, ಫಂಡ್ ಏರಿದರೂ ಇಳಿದರೂ. ಮಾರುಕಟ್ಟೆ ಬಿದ್ದ ದಿನ ಫೋನ್ ಎತ್ತಿ "ಸುಮ್ಮನಿರಿ" ಎನ್ನುವ ಒಬ್ಬರು ಇದ್ದರೆ ಆ 5,000 ದಂಡವಲ್ಲ ಎಂದೇ ನನ್ನ ಎಣಿಕೆ. ಆದರೆ ಕೊಡುತ್ತಿದ್ದೇವೆ ಎನ್ನುವುದು ಗೊತ್ತಿರಲಿ.

ವರ್ಷದೊಳಗೆ ತೆಗೆದರೆ ಬಹಳಷ್ಟು ಷೇರು ಫಂಡುಗಳು ಶೇ 1 ಎಕ್ಸಿಟ್ ಲೋಡ್, ಅಂದರೆ ಬೇಗ ಹೊರಟದ್ದಕ್ಕೆ ಶುಲ್ಕ, ಮುರಿದುಕೊಳ್ಳುತ್ತವೆ. ತೆರಿಗೆ 2024ರ ಜುಲೈ 23ರಿಂದ ಹೀಗಿದೆ: 12 ತಿಂಗಳೊಳಗೆ ಮಾರಿದರೆ ಲಾಭದ ಮೇಲೆ ಶೇ 20, ಅದಕ್ಕಿಂತ ಹೆಚ್ಚು ಇಟ್ಟರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಇಲ್ಲ, ಮೇಲಿನದಕ್ಕೆ ಶೇ 12.5. ಎಸ್‌ಐಪಿ, ಎಸ್‌ಟಿಪಿಯಲ್ಲಿ ಪ್ರತಿ ಕಂತಿಗೂ ಅದರದ್ದೇ 12 ತಿಂಗಳು ಎಣಿಸಬೇಕು. "ನನ್ನದು ಕೃಷಿ ಆದಾಯ, ತೆರಿಗೆ ಬರಲ್ಲ" ಎನ್ನುವವರಿಗೆ ಒಂದು ಮಾತು: ದುಡ್ಡು ಕಾಫಿಯದ್ದಾದರೂ ಫಂಡಿನ ಲಾಭ ಕೃಷಿ ಆದಾಯವಲ್ಲ.

7. ಹೆಸರು ಸರಿಮಾಡಿಕೊಳ್ಳಿ

ಇದು ಬೇರೆ ಜಿಲ್ಲೆಯವರಿಗೆ ಸಣ್ಣ ವಿಷಯ, ನಮಗೆ ದೊಡ್ಡದು. ಕೆವೈಸಿ, ಅಂದರೆ ಗುರುತಿನ ದೃಢೀಕರಣ, ಈಗ ಪ್ಯಾನ್ ಮತ್ತು ಆಧಾರ್ ತಾಳೆಯಾಗುವುದರ ಮೇಲೆ ನಿಂತಿದೆ. ನಮ್ಮಲ್ಲಿ ಮನೆಹೆಸರು ಮೊದಲು, ಆಮೇಲೆ ಸ್ವಂತ ಹೆಸರು. ಪ್ಯಾನ್‌ನಲ್ಲಿ ಮನೆಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ, ಆಧಾರ್‌ನಲ್ಲಿ ಒಂದಕ್ಷರದ ಇನಿಶಿಯಲ್, ಸೇನೆಯ ದಾಖಲೆಯಲ್ಲಿ ಹಿಂದುಮುಂದು, ಬ್ಯಾಂಕಿನಲ್ಲಿ ಇನ್ನೊಂದು ಥರ. ಮದುವೆಯಾದ ಹೆಣ್ಣುಮಕ್ಕಳದ್ದು ಇನ್ನೂ ತೊಡಕು: ತವರಿನ ಮನೆಹೆಸರಿನಲ್ಲಿ ಪ್ಯಾನ್, ಗಂಡನ ಮನೆಹೆಸರಿನಲ್ಲಿ ಆಧಾರ್. ತಾಳೆಯಾಗದಿದ್ದರೆ ಕೆವೈಸಿ "ಹೋಲ್ಡ್" ಎಂದು ತೋರಿಸುತ್ತದೆ, ವ್ಯವಹಾರ ನಿಂತುಹೋಗುತ್ತದೆ. ಹಾಕುವಾಗ ನಿಂತರೆ ಚಿಂತೆಯಿಲ್ಲ. ತೆಗೆಯುವಾಗ ನಿಂತರೆ ಸಂಕಟ. ಪ್ಯಾನ್, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಆದ ಮೇಲೆ ಮುಂದುವರಿಯಿರಿ.

ನಾಮಿನಿ ಹಾಕಿ. ನಾಮಿನಿ ಎಂದರೆ ದುಡ್ಡನ್ನು ಪಡೆದುಕೊಳ್ಳುವವರು. ಕಾನೂನಿನ ವಾರಸುದಾರರಿಗೆ ತಲುಪಿಸುವ ಹೊಣೆ ಅವರ ಮೇಲಿರುತ್ತದೆ. ಅವರೇ ಒಡೆಯರಾಗಿಬಿಡುವುದಿಲ್ಲ. ಪಾಲಾಗದ ಒಕ್ಕದ, ಅಂದರೆ ಮನೆತನದ, ತೋಟದಿಂದ ಬಂದ ದುಡ್ಡಾದರೆ, ಒಬ್ಬರ ಹೆಸರಿನಲ್ಲಿ ಫಂಡಿಗೆ ಹಾಕುವ ಮುನ್ನ ಉಳಿದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಆಡಿಟರ್ ಹತ್ತಿರ ಕೇಳಿಕೊಳ್ಳಿ. ಏರಿದಾಗ ಪಾಲು ಕೇಳುವವರು, ಇಳಿದಾಗ ಲೆಕ್ಕ ಕೇಳುವವರು ಅವರೇ.

8. ಯಾರ ಕೈಗೆ ಕೊಡುತ್ತಿದ್ದೀರಿ ನೋಡಿ

ಫಂಡ್ ಮಾರುವವರ ಬಳಿ ಆಂಫಿ ಕೊಟ್ಟ ಎಆರ್‌ಎನ್ ಎಂಬ ನೋಂದಣಿ ಸಂಖ್ಯೆ ಇರಬೇಕು. ಕೇಳಿ, ಆಂಫಿ ತಾಣದಲ್ಲಿ ಹಾಕಿ ನೋಡಿ. ಕೇಳಿದ್ದಕ್ಕೆ ಮುಖ ಸಣ್ಣದು ಮಾಡಿಕೊಂಡರೆ ಅದೇ ಉತ್ತರ.

ಚೆಕ್ ಬರೆಯುವುದು ಫಂಡಿನ ಹೆಸರಿಗೆ, ಅದೂ ನಿಮ್ಮ ಖಾತೆಯಿಂದ. ಏಜೆಂಟರ ಹೆಸರಿಗೆ ಅಲ್ಲ, ಅವರ ಯುಪಿಐಗೆ ಅಲ್ಲ, ನಗದಾಗಿ ಅಲ್ಲ. ಷೇರು ಫಂಡಿನಲ್ಲಿ "ತಿಂಗಳಿಗೆ ಶೇ 3 ಗ್ಯಾರಂಟಿ" ಎನ್ನುವ ಮಾತಿಗೆ ಜಾಗವೇ ಇಲ್ಲ. ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪಿನಲ್ಲಿ ಹಾಗೆ ಹೇಳುವವರು ಮಾರುತ್ತಿರುವುದು ಮ್ಯೂಚುವಲ್ ಫಂಡೇ ಅಲ್ಲ. ಅಂಥ ಕಡೆ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಜವಾದ ಫಂಡ್ ಸಂಸ್ಥೆಯ ಮೇಲೆ ದೂರಿದ್ದರೆ ಮೊದಲು ಆ ಸಂಸ್ಥೆಗೆ, ಬಗೆಹರಿಯದಿದ್ದರೆ ಸೆಬಿಯ ಸ್ಕೋರ್ಸ್ ತಾಣಕ್ಕೆ.

9. ತೆಗೆಯುವ ದಾರಿಯನ್ನು ಮಳೆಗಾಲಕ್ಕೆ ಮುನ್ನ ಪರೀಕ್ಷಿಸಿ

ಷೇರು ಫಂಡ್ ಮಾರಿದರೆ ದುಡ್ಡು ಅದೇ ದಿನ ಬರುವುದಿಲ್ಲ. ಕೆಲಸದ ದಿನ ಮಧ್ಯಾಹ್ನ 3 ಗಂಟೆಯೊಳಗೆ ಕೋರಿಕೆ ಸಲ್ಲಿಸಿದರೆ ಆ ದಿನದ ಎನ್‌ಎವಿ, ತಡವಾದರೆ ಮರುದಿನದ್ದು. ಖಾತೆಗೆ ಬರಲು ಅಲ್ಲಿಂದ ಸಾಮಾನ್ಯವಾಗಿ ಎರಡು ಕೆಲಸದ ದಿನ. ನಡುವೆ ಶನಿವಾರ, ಭಾನುವಾರ ಬಂದರೆ ಇನ್ನೂ ಎರಡು. ಇದಕ್ಕೆಲ್ಲ ಮೊಬೈಲಿಗೆ ಓಟಿಪಿ ಬರಬೇಕು. ಜುಲೈ, ಆಗಸ್ಟ್‌ನಲ್ಲಿ ಕರೆಂಟ್ ಹೋಗಿ, ಟವರ್ ಬ್ಯಾಟರಿ ಮುಗಿದು, ಮೂರು ದಿನ ಫೋನ್ ಬರೀ ಟಾರ್ಚ್ ಆಗಿರುವ ಊರುಗಳಲ್ಲಿ ಆಸ್ಪತ್ರೆಗೆ ಬೇಕಾಗುವ ದುಡ್ಡನ್ನು ಓಟಿಪಿಯ ಹಿಂದೆ ಇಡಬಾರದು. ಅದು ಉಳಿತಾಯ ಖಾತೆಯಲ್ಲಿರಲಿ, ಸ್ವಲ್ಪ ಮನೆಯಲ್ಲೇ ಇರಲಿ.

ಮೇ ತಿಂಗಳಲ್ಲಿ ಒಂದು ಸಲ 1,000 ರೂಪಾಯಿಯಷ್ಟು ಯುನಿಟ್ ಮಾರಿ ನೋಡಿ. ಫಂಡಿನ ಕನಿಷ್ಠ ಮೊತ್ತ ಹೆಚ್ಚಿದ್ದರೆ ಅಷ್ಟು. ಎಕ್ಸಿಟ್ ಲೋಡ್ ಹತ್ತು ರೂಪಾಯಿ ಹೋದರೂ ಹೋಗಲಿ. ದುಡ್ಡು ಯಾವ ಖಾತೆಗೆ ಬಂತು, ಎಷ್ಟು ದಿನ ಹಿಡಿಯಿತು, ಓಟಿಪಿ ಯಾರ ಫೋನಿಗೆ ಹೋಯಿತು ಎಲ್ಲ ಗೊತ್ತಾಗುತ್ತದೆ. ಓಟಿಪಿ ಏಜೆಂಟರ ನಂಬರಿಗೆ ಹೋದದ್ದು ಗೊತ್ತಾದವರೂ ಇದ್ದಾರೆ. ಫಾರಂ ತುಂಬಿದವರು ಅವರೇ, ನಂಬರ್ ಅವರದ್ದೇ ಬರೆದಿದ್ದರು. ಹಾಗಾಗಿದ್ದರೆ ಮೊದಲು ನಂಬರ್ ಬದಲಿಸಿ. ಆಮೇಲೆ ಫೋಲಿಯೊ ಸಂಖ್ಯೆ (ಫಂಡಿನಲ್ಲಿ ನಿಮ್ಮ ಖಾತೆಯ ಸಂಖ್ಯೆ), ಫಂಡಿನ ಹೆಸರು, ನೋಂದಾಯಿತ ಮೊಬೈಲ್, ಬ್ಯಾಂಕ್ ಖಾತೆ, ನಾಮಿನಿ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ತೋಟದ ಆರ್‌ಟಿಸಿ ಇಟ್ಟಿರುವ ಪೆಟ್ಟಿಗೆಯಲ್ಲೇ ಇಡಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ.